ಓದುಗರ ಪ್ರಶ್ನೆ: ಮಳೆ ಹೀಗಾಗಿದ್ದು ಪ್ರಕೃತಿಯಿಂದ್ಲಾ, ನಮ್ಮಿಂದ್ಲಾ?

ಪ್ರಶ್ನೆ: ನಮ್ದು ಕೊಡಗಿನ ಮಾದಾಪುರ ಕಡೆ ಸಣ್ಣ ಕಾಫಿ ತೋಟ. ಒಂದು ವರ್ಷ ಜನವರಿಲಿ ಕುಯ್ಲು ನಡೀತಿರೋವಾಗ್ಲೇ ಮಳೆ ಬಂದು ಕಣದಲ್ಲಿ ಹರವಿದ್ದ ಕಾಫಿ ಎಲ್ಲ ನೆನೀತು, ಗಿಡದಲ್ಲಿ ಹಣ್ಣಿನ ಪಕ್ಕದಲ್ಲೇ ಹೂವು. ಇನ್ನೊಂದು ವರ್ಷ ಏಪ್ರಿಲ್ ಬಂದ್ರೂ ಕಾಫಿ ಹೂ ಅರಳಿಸೋ ಹೂಮಳೆ ಇಲ್ಲ. ಎಲ್ಲಾ ಮನುಷ್ಯ ಮಾಡಿದ್ದು ಅಂತಾರೆ. ನಮ್ಮಜ್ಜ ಮಾತ್ರ "ಮಳೆ ಯಾವತ್ತು ಹೇಳಿ ಕೇಳಿ ಬಂದಿದೆ" ಅಂತಿದ್ರು. ಎಲ್ ನಿನೊ, ಸೂರ್ಯನ ಕಲೆ ಅಂತೆಲ್ಲ ಓದ್ತೀನಿ. ಅಜ್ಜ ಹೇಳಿದ್ದೇ ಸರೀನಾ?

ಉತ್ತರ: ಒಂದು ವರ್ಷದ ಲೆಕ್ಕಕ್ಕೆ ಅಜ್ಜ ಹೇಳಿದ್ದು ಸರಿ, ಐವತ್ತು ವರ್ಷದ ಲೆಕ್ಕಕ್ಕೆ ಸಾಲಲ್ಲ.

ನಮ್ಮನೇಲಿ ಮಾವ ಬರೆದಿಟ್ಟ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಅಳತೆ ಪಾತ್ರೆ ನೋಡಿ ಇಂಚು, ಸೆಂಟು ಅಂತ ಬರೆಯೋದು, ನಿಮಗೂ ಗೊತ್ತಿರತ್ತೆ, ನೂರು ಸೆಂಟಿಗೆ ಒಂದು ಇಂಚು. ಅದರ ಹಳೇ ಪುಟಗಳಲ್ಲೂ ಮಾರ್ಚ್ ಪೂರ್ತಿ "ಇಲ್ಲ, ಇಲ್ಲ" ಅಂತ ಇರೋ ವರ್ಷ ಇದಾವೆ, ಒಂದು ಕಡೆ ಸಿಟ್ಟಿಗೆ ಪೆನ್ಸಿಲ್ ಒತ್ತಿ ಗೆರೆ ಎಳೆದು ಕಾಗದ ಹರಿದೇಹೋಗಿದೆ. ಅಂದ್ರೆ ಏರುಪೇರು ಹೊಸದಲ್ಲ, ಅದಕ್ಕೆ ಪ್ರಕೃತಿದೇ ಕಾರಣಗಳಿವೆ.

ದೊಡ್ಡದು ಎಲ್ ನಿನೊ. ಪೆಸಿಫಿಕ್ ಸಾಗರದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸೋ ಗಾಳಿ ಬಿಸಿನೀರನ್ನ ಇಂಡೋನೇಷ್ಯಾ ಕಡೆಗೆ ತಳ್ತಿರತ್ತೆ, ಕೆಲವು ವರ್ಷಕ್ಕೊಮ್ಮೆ ಆ ಗಾಳಿ ಸೊರಗಿ ಬಿಸಿನೀರು ಪೆರು ದೇಶದ ಕಡೆ ವಾಪಸ್ ಹರಡತ್ತೆ, ಮೋಡ ಕಟ್ಟೋ ಜಾಗಾನೂ ಅದರ ಹಿಂದೇನೇ ಹೋಗತ್ತೆ, ನಮ್ಮ ಮುಂಗಾರು ಬಡವಾಗತ್ತೆ. 2023ರಲ್ಲಿ ಆಗಿದ್ದು ಅದೇ, ಆ ವರ್ಷದ ಆಗಸ್ಟು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಮನೆಯಿಂದ ಆಚೆ ಕಾಲಿಡೋಕಾಗಲ್ಲ ಅನ್ನೋ ನಾವು ಬಿಸಿಲಲ್ಲಿ ಬಟ್ಟೆ ಒಣಗಿಸಿದ್ವಿ. ಹಾಗಂತ ಎಲ್ ನಿನೊ ಬಂದ್ರೆ ಬರ ಗ್ಯಾರಂಟಿ ಅಂತಲ್ಲ, 1997ರಲ್ಲಿ ಭಾರೀ ಎಲ್ ನಿನೊ ಇದ್ರೂ ದೇಶದ ಮುಂಗಾರು ಕೈಕೊಡ್ಲಿಲ್ಲ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದ್ರೆ ಆಫ್ರಿಕಾ ಕಡೆ, ಪೂರ್ವಕ್ಕಿಂತ ಬಿಸಿಯಾಗಿತ್ತು, ಹಾಗಿದ್ದಾಗ ನಮಗೆ ಮಳೆ ಕೂಡಿ ಬರತ್ತೆ.

ಸೂರ್ಯನ ಕಲೆ, ಅಂದ್ರೆ ಸೂರ್ಯನ ಮೇಲೆ ಕಾಣೋ ಕಪ್ಪು ಚುಕ್ಕೆಗಳ ವಿಷಯ ಬಿಡಿ. ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚು ಕಮ್ಮಿ ಆಗತ್ತೆ ನಿಜ, ಆದ್ರೆ ಅದರಿಂದ ನಮಗೆ ಬರೋ ಶಾಖದಲ್ಲಿ ವ್ಯತ್ಯಾಸ ಶೇಕಡಾ 0.1ರಷ್ಟು. ಜ್ವಾಲಾಮುಖಿ ಇನ್ನೂ ಜೋರು, 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಮೇಲೆ ಹೋದ ಗಂಧಕದ ಮಂಜು ಬಿಸಿಲನ್ನ ತಡೆದು ಇಡೀ ಭೂಮಿ ಹತ್ತಿರತ್ತಿರ ಅರ್ಧ ಡಿಗ್ರಿ ತಣ್ಣಗಾಯ್ತು, ಎರಡು ಮೂರು ವರ್ಷದಲ್ಲಿ ಮತ್ತೆ ಯಥಾಪ್ರಕಾರ.

ನೋಡಿ, ಇವೆಲ್ಲ ಬಂದು ಹೋಗೋವು. ಅಜ್ಜನ ಮಾತು ಇಲ್ಲಿಗೆ ನಿಲ್ಲತ್ತೆ, ಯಾಕಂದ್ರೆ ಶಾಖ ಮಾತ್ರ ಬಂದು ಹೋಗ್ತಿಲ್ಲ, ಏರ್ತಾನೇ ಇದೆ. ಸೂರ್ಯನೇ ಕಾರಣ ಆಗಿದ್ರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಕಾಯ್ಬೇಕಿತ್ತು, ಆದ್ರೆ ಕೆಳಗೆ ಕಾಯ್ತಾ ಇದೆ, ತುಂಬಾ ಮೇಲಿನ ಪದರ ತಣ್ಣಗಾಗ್ತಿದೆ. ಇದು ನಾವು ಮನುಷ್ಯರು ಬಿಟ್ಟ ಇಂಗಾಲದ ಡೈಆಕ್ಸೈಡ್ ಭೂಮಿಗೆ ಹೊದಿಕೆ ಹೊದ್ದಿಸಿದಾಗ ಆಗೋ ಲಕ್ಷಣ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯತ್ತೆ, ಬಿಟ್ಟಾಗ ಒಟ್ಟಿಗೇ ಸುರಿಯತ್ತೆ. ಮೊದಲು ವಾರಗಟ್ಲೆ ಜಿಟಿಜಿಟಿ ಬರ್ತಿದ್ದ ಮಳೆ ಈಗ ನಾಲ್ಕು ದಿನದಲ್ಲಿ ಹುಯ್ದು ಹೋಗತ್ತೆ ಅಂತ ನಮ್ಮೂರೋರು ಹೇಳೋದಕ್ಕೂ ಇದಕ್ಕೂ ತಾಳೆ ಆಗತ್ತೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮಳೆ ಜೊತೆಗೆ, ಬೆಟ್ಟದ ಬುಡ ಜೆಸಿಬಿ ಹಾಕಿ ಕಡಿದಿದ್ದೂ ಸೇರಿತ್ತು ಅಂತ್ಲೇ ನನ್ನ ಅಭಿಪ್ರಾಯ, ಬೇಜಾರಾಗೋರು ಆಗ್ಲಿ.

ನಿಮ್ಮ ಆ ಒಂದು ಜನವರಿ ಮಳೆ ಮಾತ್ರ ಯಾರ ತಲೆಗೆ ಕಟ್ಟೋದು ಅಂತ ನಾನು ಹೇಳಲ್ಲ, ಒಂದು ಮಳೆ ಹಿಡ್ಕೊಂಡು ತೀರ್ಪು ಕೊಡೋಕಾಗಲ್ಲ.

ಪ್ರಶ್ನೆ: ಆರಿದ್ರಾ ಮಳೆ ಆರಿದ್ರಾಕ್ಕೇ ಬರ್ತಿಲ್ಲ. ನಕ್ಷತ್ರದ ಲೆಕ್ಕವೇ ತಪ್ಪಿಹೋಯ್ತಾ?

ಉತ್ತರ: ಲೆಕ್ಕ ಜರುಗ್ತಿರೋದು ನಿಜ, ಆದ್ರೆ ನೀವಂದುಕೊಂಡಷ್ಟಲ್ಲ. ಮಳೆ ನಕ್ಷತ್ರ ಅಂದ್ರೆ ಸೂರ್ಯ ಆ ನಕ್ಷತ್ರದಲ್ಲಿರೋ ಹದಿಮೂರು ಹದಿನಾಲ್ಕು ದಿನ. ಭೂಮಿಯ ಅಕ್ಷ ಬುಗುರಿ ಥರ ಓಲಾಡ್ತಾ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕೋದ್ರಿಂದ ಋತುಗೂ ನಕ್ಷತ್ರಕ್ಕೂ ಸುಮಾರು 71 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳತ್ತೆ. ಅಜ್ಜನ ಕಾಲದಿಂದ ಇವತ್ತಿಗೆ ಒಂದು ದಿನ ಅಷ್ಟೇ, ಹದಿನೈದು ದಿನ ಮಳೆ ತಡ ಆದ್ರೆ ಪಂಚಾಂಗದ ಮೇಲೆ ಹಾಕ್ಬೇಡಿ.

ಪ್ರಶ್ನೆ: ಪಕ್ಕದ ತೋಟಕ್ಕೆ ಒಂದಿಂಚು ಹೂಮಳೆ ಆಯ್ತು, ಬೇಲಿ ಈಚೆ ನಮಗೆ ಹನಿಯೂ ಇಲ್ಲ. ಇದ್ಯಾವ ನ್ಯಾಯ?

ಉತ್ತರ: ಹೂಮಳೆ ಮುಂಗಾರಿನ ಥರ ಅರಬ್ಬಿ ಸಮುದ್ರದಿಂದ ಊರಿಗೆಲ್ಲ ಒಟ್ಟಿಗೆ ಬರೋ ಮಳೆ ಅಲ್ಲ ಸ್ವಾಮಿ. ಮಧ್ಯಾಹ್ನದ ಕಾವಿಗೆ ಗಾಳಿ ಮೇಲೆದ್ದು ಅಲ್ಲಲ್ಲೇ ಗುಡುಗಿನ ಮೋಡ ಕಟ್ಟತ್ತೆ, ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರು, ಅದರ ಅಂಚು ನಿಮ್ಮ ಬೇಲಿ ಮೇಲೇ ಬಿದ್ದಿದೆ. ಮೊಗ್ಗು ಬಲಿತಿದ್ರೆ ಇನ್ನೊಂದು ಮೋಡಕ್ಕೆ ಕಾಯ್ತಾ ಕೂರ್ಬೇಡಿ, ಕೆರೇಲಿ ನೀರಿದ್ರೆ ಸ್ಪ್ರಿಂಕ್ಲರ್ ಹಾಕ್ಬಿಡಿ. ಹಾಕಿದ್ರೆ ಪೂರ್ತಿ ಹಾಕಿ, ಅರೆಬರೆ ನೀರಿಗೆ ಮೊಗ್ಗು ಸರಿಯಾಗಿ ಅರಳಲ್ಲ.