ತೋಳಿಗೆ ಭಾರ ಬೇಕಿತ್ತು

ನಲವತ್ತು ದಾಟಿದ ಬ್ಯಾಂಕ್ ಅಧಿಕಾರಿ. ಊರು ಧಾರವಾಡದ ಕಡೆ, ಕೆಲಸ ಬೆಂಗಳೂರಿನಲ್ಲಿ, ಮದುವೆಯಾಗಿಲ್ಲ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ತಂಗಿ. "ನಮ್ಮಣ್ಣಗ ತಲಿ ಕೆಟ್ಟದೇನ್ರಿ ಮೇಡಂ?" ಎಂದು ಅಣ್ಣನ ಎದುರೇ ಕೇಳಿದರು. ಕಾರಣ, ಅಣ್ಣನ ಹಾಸಿಗೆಯ ಮೇಲಿದ್ದ ಎದೆಯೆತ್ತರದ ಟೆಡ್ಡಿ ಬೇರ್. ಜರ್ಮನಿಯ ಸ್ಟೈಫ್ ಕಂಪನಿಯದು, ಕಿವಿಯಲ್ಲಿ ಅವರ ಗುರುತಿನ ಗುಂಡಿ, ಮೈಗೆಲ್ಲ ಮೇಕೆ ರೋಮದ ಮೊಹೇರ್ ಬಟ್ಟೆ. ಕೊಂಡದ್ದು ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ.

ತಂಗಿಯನ್ನು ಹೊರಗೆ ಕೂರಿಸಿದ ಮೇಲೆ ಅವರು ಬಾಯಿಬಿಟ್ಟರು. ತಾಯಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಬೆನ್ನು ಹುಣ್ಣಾಗದಿರಲೆಂದು ರಾತ್ರಿ ಎರಡೆರಡು ತಾಸಿಗೆ ಎದ್ದು, ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಕೊಟ್ಟು ಮಗ್ಗುಲು ಬದಲಿಸುತ್ತಿದ್ದವರು ಇವರೇ. ಆಕೆ ತೀರಿಕೊಂಡು ಎಂಟು ತಿಂಗಳು. ಈಗಲೂ ಅದೇ ಹೊತ್ತಿಗೆ ಎಚ್ಚರ. "ಎದ್ದ ಕೂಡಲೇ ಕೈ ಏನರೆ ಹುಡುಕತಾವ್ರಿ." ದಿಂಬು ಸಾಲಲಿಲ್ಲ, ಸಣ್ಣ ಗೊಂಬೆಯೂ ಸಾಲಲಿಲ್ಲ. ತೋಳು ತುಂಬಬೇಕಿತ್ತು. ಗೊಂಬೆ ಅಷ್ಟು ದೊಡ್ಡದೇಕೆಂದು ನನಗೆ ಆಗ ಹೊಳೆಯಿತು.

ಊಟ, ಕುಡಿತ, ಕೆಲಸ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಿದೆ. ಕೆಲಸಕ್ಕೆ ಹೋಗುತ್ತಾರೆ, ಉಣ್ಣುತ್ತಾರೆ, ಕುಡಿಯುವುದಿಲ್ಲ, ಸಾವಿನ ಯೋಚನೆಯೂ ಇಲ್ಲ. ಕರಡಿ ಬಂದ ಮೇಲೆ ಮತ್ತೆ ನಿದ್ದೆ ಹತ್ತುತ್ತಿದೆ. ಹಾಗಿದ್ದ ಮೇಲೆ ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯ. ನನಗೆ ಕಳವಳವಾದದ್ದು ಬೇರೆ ಎರಡಕ್ಕೆ: ಇದಕ್ಕಿಂತ ದುಬಾರಿಯ ಇನ್ನೊಂದನ್ನು ಕೊಳ್ಳಲು ಹೊರಟಿದ್ದರು, ಮತ್ತು ಯಾರಾದರೂ ನೋಡಿಬಿಟ್ಟಾರೆಂದು ಮನೆಗೆ ಒಬ್ಬರನ್ನೂ ಕರೆಯುತ್ತಿರಲಿಲ್ಲ.

ಹೇಳಿದ್ದಿಷ್ಟು. ಕರಡಿ ಇರಲಿ, ನಾಚಿಕೆ ಬೇಡ. ಈ ಕಂತು ಮುಗಿಯುವವರೆಗೆ ಇನ್ನೊಂದು ಬೇಡ; ಸಮಾಧಾನ ಕೊಡುತ್ತಿರುವುದು ಅದರ ಗಾತ್ರ ಮತ್ತು ಮೆತ್ತನೆ, ಬೆಲೆಯಲ್ಲ. ನಡುರಾತ್ರಿ ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿ, ಖರೀದಿಯೆಲ್ಲ ಆಗುತ್ತಿರುವುದು ಆ ಹೊತ್ತಿನಲ್ಲೇ. ಆರು ತಿಂಗಳು ಕಳೆದರೂ ದುಃಖ ಬದುಕನ್ನೇ ನಿಲ್ಲಿಸಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ನಿಮ್ಮದು ಆ ಮಟ್ಟಕ್ಕೆ ಹೋಗಿಲ್ಲ. ಕೆಲಸ, ಊಟ ತಪ್ಪತೊಡಗಿದರೆ ಮಾತ್ರ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ತಂಗಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ: ಹಾಲು ಕೊಡುವ, ತಂತಿಯಿಂದ ಮಾಡಿದ ಗೊಂಬೆ ತಾಯಿಯನ್ನು ಬಿಟ್ಟು ಕೋತಿಮರಿಗಳು ಮೆತ್ತನೆ ಬಟ್ಟೆಯ ತಾಯಿಯನ್ನೇ ಅಪ್ಪಿ ಕೂರುತ್ತಿದ್ದವು. ಅಪ್ಪುಗೆಯ ಹಸಿವು ವಯಸ್ಸಾದ ಮಾತ್ರಕ್ಕೆ ಹೋಗುವುದಿಲ್ಲ. ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ ಎಂದೂ ಕೇಳಿಕೊಂಡೆ. ಅಮ್ಮನ ಕೊನೆಯ ರಾತ್ರಿಗಳ ಬಗ್ಗೆ ಅಣ್ಣನನ್ನು ಈವರೆಗೆ ಯಾರೂ ಕೇಳಿಲ್ಲ, ನೀವು ಕೇಳಿ ಅಂದೆ. ಆಕೆ ಒಪ್ಪಿದರು, ಒಂದು ಶರತ್ತಿನ ಮೇಲೆ: ತಾನು ತಿಂಗಳಿಗೊಮ್ಮೆ ಬಂದು ಉಳಿಯುವುದಕ್ಕೆ ಅಣ್ಣ ಬೇಡವೆನ್ನಕೂಡದು. ಅವರು ಹೂಂ ಅಂದರು.