ತಪ್ಪಿಸಿಕೊಂಡ ಅನ್ಯಗ್ರಹದ ಮೃಗದ ಬೇಟೆ: ಮೊದಲು ಮೃಗದ ದಿನಚರಿಯನ್ನು ಬರೆದುಕೊಳ್ಳಿ

ಬಾಹ್ಯಾಕಾಶ ಬಂದರಿನಲ್ಲಿ ಇಳಿದ ಹಡಗಿನಿಂದ ಅನ್ಯಗ್ರಹದ ಮೃಗವೊಂದು ತಪ್ಪಿಸಿಕೊಂಡು ನಗರದೊಳಗೆ ಸೇರಿಕೊಳ್ಳುವ ಸಾಹಸವನ್ನು ನೀವು ಟ್ರಾವೆಲರ್ ಎಂಬ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಬಾಹ್ಯಾಕಾಶ ಕಥೆಯ ಆಟದಲ್ಲಿ ನಡೆಸಿದಿರಿ. ಆಟಗಾರರು ಅರ್ಧ ಗಂಟೆಯಲ್ಲೇ ಅದನ್ನು ಗುಂಡಿಟ್ಟು ಕೊಂದರು. ಇದನ್ನು ಒಂದು ಸಂಜೆಯಿಡೀ ನಡೆಯುವ ಆಟವಾಗಿ ಬೆಳೆಸುವುದು ಹೇಗೆ ಎಂದು ಕೇಳಿದ್ದೀರಿ. ಬೆಂಗಳೂರಿನ ನಮ್ಮ ಗೆಳೆಯರ ಗುಂಪಿಗೆ ನಾನು ಹಲವು ವರ್ಷಗಳಿಂದ ಇದೇ ಆಟದಲ್ಲಿ ಕಥೆ ನಡೆಸಿ ನಿಯಮ ನೋಡಿಕೊಳ್ಳುವ ರೆಫರಿಯಾಗಿದ್ದೇನೆ, ಇಂಥದೇ ಕಥೆಯನ್ನು ಎರಡು ಬಾರಿ ನಡೆಸಿದ್ದೇನೆ. ಮೊದಲ ಬಾರಿ ನಮ್ಮ ಆಟವೂ ಹೀಗೆಯೇ ಬೇಗ ಮುಗಿದುಹೋಯಿತು. ಮೃಗದ ಬಲ, ವೇಗ, ಏಟು ತಾಳುವ ಶಕ್ತಿ ಇಷ್ಟನ್ನು ಮಾತ್ರ ನಾನು ಬರೆದುಕೊಂಡಿದ್ದೆ. ಅದು ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಹಾಗಾಗಿ ಆಟಗಾರರಿಗೆ ಹುಡುಕಲು ಏನೂ ಇರಲಿಲ್ಲ, ಹೊಡೆಯಲು ಮಾತ್ರ ಇತ್ತು.

ಇದಕ್ಕೆ ಬೇಕಾದ ಸಾಮಗ್ರಿ 1977ರಲ್ಲಿ ಮೊದಲು ಪ್ರಕಟವಾದ ಈ ಆಟದ ಹಳೆಯ ನಿಯಮಪುಸ್ತಕದಲ್ಲೇ ಇದೆ. ಅಲ್ಲಿ ಪ್ರಾಣಿಗಳನ್ನು ಆಕಾರಕ್ಕಿಂತ ಹೆಚ್ಚಾಗಿ ಆಹಾರ ಸಂಪಾದಿಸುವ ಕ್ರಮದ ಮೇಲೆ ವಿಂಗಡಿಸಲಾಗಿದೆ. ಮಾಂಸಾಹಾರಿಗಳಲ್ಲಿ ಪೌನ್ಸರ್ ಎಂಬುದು ಅಡಗಿ ಕುಳಿತು ಮೇಲೆರಗುವ ಜಾತಿ: ಎದುರಿನವರಿಗೆ ಸುಳಿವಿಲ್ಲದಿದ್ದರೆ ದಾಳಿ ಮಾಡುತ್ತದೆ, ತಾನೇ ಬೆಚ್ಚಿದರೆ ಓಡಿಹೋಗುತ್ತದೆ. ಚೇಸರ್ ಎಂಬುದು ಅಟ್ಟಿಸಿಕೊಂಡು ಹೋಗುವ ಜಾತಿ. ತನ್ನ ಗುಂಪು ಎದುರಿನವರಿಗಿಂತ ದೊಡ್ಡದಿದ್ದರೆ ಮಾತ್ರ ಮೇಲೆ ಬೀಳುತ್ತದೆ. ನಗರದ ಬೇಟೆಗೆ ನಾನು ಪೌನ್ಸರ್ ಅನ್ನೇ ಆರಿಸುತ್ತೇನೆ. ಅದು ಒಂಟಿಯಾಗಿರಬಹುದು, ಕಾಣಿಸಿಕೊಳ್ಳದೆ ದಿನಗಟ್ಟಲೆ ಇರಬಲ್ಲದು, ಮತ್ತು ಅದನ್ನು ಕಂಡ ಕೂಡಲೇ ಹೊಡೆದಾಟ ಶುರುವಾಗಬೇಕೆಂಬ ನಿಯಮವೇನೂ ಇಲ್ಲ.

ಇದು ಕೇವಲ ಕಲ್ಪನೆಯಲ್ಲ. 2016ರ ಫೆಬ್ರವರಿಯ ಒಂದು ಭಾನುವಾರ ಬೆಂಗಳೂರಿನ ಪೂರ್ವಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿದ್ದು ನಿಮಗೂ ನೆನಪಿರಬಹುದು. ಅದರ ಜಾಡು ಮೊದಲು ಸಿಕ್ಕಿದ್ದು ಸಿಸಿಟಿವಿ ದೃಶ್ಯಗಳಲ್ಲಿ. ಮರೆಯಲ್ಲಿ ಅಡಗಿದ್ದ ಪ್ರಾಣಿ ದಾರಿ ಕಟ್ಟಿದಂತಾದಾಗ ಜನರ ಮೇಲೆರಗಿತು. ಸೆರೆಹಿಡಿಯಲು ಹೋದವರೇ ಗಾಯಗೊಂಡರು. ಅರಿವಳಿಕೆ ಕೊಟ್ಟು ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಿದ ಮೇಲೆ, ಸುಮಾರು ಒಂದು ವಾರದಲ್ಲಿ ಅದು ಅಲ್ಲಿನ ಬೋನಿನಿಂದಲೂ ಪಾರಾಯಿತು. ನಿಮ್ಮ ಕಥೆಗೆ ಬೇಕಾದ ತಿರುವುಗಳು ಇಷ್ಟರಲ್ಲೇ ಇವೆ.

ಎರಡನೆಯ ಬಾರಿ ನಾನು ಆಟಕ್ಕೆ ಕೂರುವ ಮೊದಲು ಮೃಗದ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆದೆ. ಮಂದ ಬೆಳಕಿನ, ತಂಪು ಗ್ರಹವೊಂದರಿಂದ ಬಂದದ್ದರಿಂದ ಅದಕ್ಕೆ ಬಿಸಿಲು ಸಹಿಸಲಾಗದು, ಮೈ ಒಣಗಬಾರದು. ಆದ್ದರಿಂದ ಹಗಲಿಡೀ ಮಳೆನೀರಿನ ಮುಚ್ಚಿದ ಚರಂಡಿಯಲ್ಲಿ ಮಲಗಿ, ಕತ್ತಲಾದ ಮೇಲೆ ಗೋಡೆ ಹತ್ತಿ ಮಹಡಿಗಳಿಗೆ ಹೋಗುತ್ತದೆ. ಸುಳಿವುಗಳೆಲ್ಲ ಈ ಒಂದು ಅಗತ್ಯದಿಂದಲೇ ಹುಟ್ಟಿಕೊಂಡವು. ನಿವೃತ್ತ ಹಡಗುವೈದ್ಯೆಯ ಪಾತ್ರವಹಿಸಿದ್ದ ಗೆಳತಿ ಒಂದು ವಸತಿ ಕಟ್ಟಡದ ಮಹಡಿ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳ ಪಕ್ಕಕ್ಕೆ ಸರಿದಿರುವುದನ್ನು ಕಂಡಳು. ಒಳಗೆ ಅರ್ಧ ನೀರಿತ್ತು, ಅಂಚಿನಲ್ಲಿ ಮೀನಿನ ಪೊರೆಯಂಥ ತೆಳುವಾದ ಬೂದು ಚರ್ಮ ಅಂಟಿತ್ತು, ಸುತ್ತಲಿನ ದೂಳಿನಲ್ಲಿ ಮಾತ್ರ ಒಂದೂ ಹೆಜ್ಜೆಗುರುತಿರಲಿಲ್ಲ. ಆಕೆ ತುಸು ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅದು ನೆಲದ ಮೇಲೆ ನಡೆದೇ ಇಲ್ಲ, ಪೈಪಿನ ಮೇಲೆ ಬಂದಿದೆ’ ಎಂದಳು. ಮೇಜಿನ ಸುತ್ತ ಕೂತಿದ್ದವರೆಲ್ಲ ಒಮ್ಮೆಲೇ ನಗರದ ನಕ್ಷೆಯತ್ತ ಬಾಗಿದರು. ದಾಳ ಉರುಳಿಸದೆ ದೊರೆತ ಆ ಕ್ಷಣಕ್ಕೆ ನಾನು ಯಾವ ಹೋರಾಟದ ದೃಶ್ಯವನ್ನೂ ಸಾಟಿಯೆಂದು ಭಾವಿಸುವುದಿಲ್ಲ.

ಗುಂಡು ಹಾರಿಸುವುದನ್ನು ತಡೆಯಲು ರೆಫರಿ ಅಡ್ಡಬರಬೇಕಾಗಿಲ್ಲ. ಆ ಕೆಲಸವನ್ನು ಲೋಕದ ಕಾನೂನು ಮಟ್ಟ, ಅಂದರೆ ಅಲ್ಲಿನ ಕಾನೂನು ಎಷ್ಟು ಬಿಗಿ ಎಂದು ಹೇಳುವ ಸಂಖ್ಯೆ, ಮಾಡುತ್ತದೆ. ಹಳೆಯ ನಿಯಮದಂತೆ ಅದು 7 ಆದರೆ ಶಾಟ್‌ಗನ್ ಕೂಡ ನಿಷಿದ್ಧ, 9 ಆದರೆ ಮನೆಯ ಹೊರಗೆ ಯಾವ ಆಯುಧವನ್ನೂ ಇಟ್ಟುಕೊಳ್ಳುವಂತಿಲ್ಲ. ಪೊಲೀಸರ ಕಿರುಕುಳ ತಪ್ಪಬೇಕಾದರೆ ಎರಡು ದಾಳಗಳ ಮೊತ್ತ ಆ ಮಟ್ಟಕ್ಕೆ ಸಮನಾಗಿ ಅಥವಾ ಹೆಚ್ಚಾಗಿ ಬರಬೇಕು. ನಾನು 8 ಇಟ್ಟೆ. ಬಂದೂಕುಗಳೆಲ್ಲ ಹಡಗಿನಲ್ಲೇ ಉಳಿದವು. ಕೈಗೆ ಕೊಟ್ಟದ್ದು ಪರವಾನಗಿಯುಳ್ಳ ಒಂದೇ ಅರಿವಳಿಕೆ ಬಂದೂಕು, ಮೂರು ಚುಚ್ಚುಮದ್ದು. ಮದ್ದು ತಗುಲಿದೊಡನೆ ಪ್ರಾಣಿ ಬಿದ್ದುಬಿಡುತ್ತದೆ ಎಂದು ದಯವಿಟ್ಟು ಮಾಡಬೇಡಿ. ನಿಜವಾದ ಪ್ರಾಣಿಗಳಲ್ಲೂ ಅದು ಏರಲು ಹಲವು ನಿಮಿಷ ಬೇಕು, ಆ ನಿಮಿಷಗಳಲ್ಲಿ ಬೆದರಿದ ಮೃಗ ಜನರಿರುವ ಬೀದಿಯಲ್ಲಿ ಓಡುತ್ತಿರುತ್ತದೆ. ಆಟದ ಅತ್ಯಂತ ಬಿಗಿಯಾದ ಭಾಗ ಅದೇ.

ಕೆಲಸ ಒಪ್ಪಿಸಿದವರ ಆಸೆಗಳೂ ಒಂದೇ ಆಗಿರದಿರಲಿ. ಹಡಗಿನ ಮಾಲೀಕನಿಗೆ ಮೃಗ ಜೀವಂತ ಬೇಕಿತ್ತು, ನಗರಾಡಳಿತಕ್ಕೆ ಬೆಳಗಾಗುವುದರೊಳಗೆ ಅದರ ಹೆಣ ಬೇಕಿತ್ತು. ನಮ್ಮವರು ಮೂರನೆಯ ಚುಚ್ಚುಮದ್ದನ್ನು ಬಳಸಲೇ ಇಲ್ಲ. ಚರಂಡಿಯ ಬಾಯಿಗೆ ಸರಕುಪೆಟ್ಟಿಗೆಯೊಂದನ್ನು ಒತ್ತಿ ನಿಲ್ಲಿಸಿ, ಒಳಗೆಲ್ಲ ನೀರು ಹೊಡೆದು ತಂಪು ಮಾಡಿ, ಬೀದಿದೀಪಗಳನ್ನು ಆರಿಸಿಸಿ, ಅದು ತಾನಾಗಿ ಒಳಗೆ ಬರುವವರೆಗೆ ಕತ್ತಲಲ್ಲಿ ಕಾದರು.