ಹೊಟ್ಟೆ ಮಾತ್ರ ಇಳಿದು, ಸೊಂಟದ ಕೆಳಗಿನ ಮೈಕಟ್ಟು ಹಾಗೇ ಉಳಿಯೋದು ಸಾಧ್ಯವಾ?

ಸಾಧ್ಯ, ಆದರೆ ನಿಧಾನ. ನಿಮಗೆ 26 ವರ್ಷ, ಕೂತು ಮಾಡುವ ಕೆಲಸ, ಹೊಟ್ಟೆ ಬಂದಿದೆ, ಡಯಟ್ ಮಾಡಿದರೆ ಹಿಂಭಾಗ, ತೊಡೆ ಎಲ್ಲಾ ಸೊರಗಿ ಕಡ್ಡಿ ಹಾಗೆ ಆಗಿಬಿಡ್ತೀನಿ ಅಂತ ಭಯ ಅಂದಿದ್ದೀರಿ. ಆ ಭಯ ಸುಳ್ಳಲ್ಲ. ನನಗೆ ಹಾಗೇ ಆಗಿತ್ತು.

ನಾನು ದಾವಣಗೆರೆಯವಳು, ವಿದ್ಯಾನಗರದ ಕಡೆ ಸಣ್ಣ ಟೈಲರಿಂಗ್ ಅಂಗಡಿ. ಇಡೀ ದಿನ ಮಷಿನ್ ಮುಂದೆ ಕೂರುವ ಕೆಲಸ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಜೊತೆ ನನ್ನದೂ ಒಂದು ಪುಟ ಇದೆ. ಹಿಂಭಾಗದ ಸುತ್ತಳತೆಗೆ ನಾವು ‘ಸೀಟ್’ ಅಂತೀವಿ, ಇಲ್ಲೂ ಹಾಗೇ ಬರೆಯುತ್ತೇನೆ, ಮುಜುಗರ ಕಡಿಮೆ.

ಎರಡನೇ ಮಗು ಆದಮೇಲೆ ನನ್ನ ತೂಕ 68 ಕೆಜಿ, ಸೊಂಟ 36 ಇಂಚು, ಸೀಟ್ 41. ತಂಗಿ ಮದುವೆಗೆ ಮೂರು ತಿಂಗಳಿತ್ತು. ಅನ್ನ ಬಿಟ್ಟೆ, ರಾತ್ರಿ ಊಟ ಬಿಟ್ಟೆ, ಬೆಳಗ್ಗೆ ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆದದ್ದೇ ನಡೆದದ್ದು. 59ಕ್ಕೆ ಬಂದೆ. ಎಲ್ಲರೂ ಭೇಷ್ ಅಂದರು. ಟೇಪ್ ಹಿಡಿದಾಗ ಸೊಂಟ 34, ಸೀಟ್ 37. ಅಂದರೆ ಹೋಗಬೇಕಾದ ಕಡೆ ಎರಡು ಇಂಚು, ಹೋಗಬಾರದ ಕಡೆ ನಾಲ್ಕು! ಪ್ಯಾಂಟ್ ಹಿಂದೆ ಜೋತು ಬೀಳುತ್ತಿತ್ತು, ಮುಖ ಬೇರೆ ಬತ್ತಿಹೋಗಿತ್ತು. ವರ್ಷದೊಳಗೆ ತೂಕ ಪೂರ್ತಿ ವಾಪಸ್ ಬಂತು, ಅದೂ ಮೊದಲು ಹೊಟ್ಟೆಗೆ.

ಕಾರಣ ಆಮೇಲೆ ಗೊತ್ತಾಯಿತು. ಕಡಿಮೆ ತಿಂದು ಬರೀ ನಡೆದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸೀಟ್‌ನ ಆಕಾರ ಬರೀ ಕೊಬ್ಬಿನದಲ್ಲ, ಒಳಗೆ ಗ್ಲೂಟ್ ಅನ್ನುವ ದೊಡ್ಡ ಸ್ನಾಯು ಇದೆ, ಇಡೀ ಮೈಯಲ್ಲಿ ಅದೇ ದೊಡ್ಡದು. ಅದಕ್ಕೆ ಕೆಲಸ ಕೊಡದೆ, ಊಟಾನೂ ಕೊಡದೆ ಇದ್ದರೆ ಅದು ಯಾಕೆ ಉಳಿಯುತ್ತೆ ಹೇಳಿ? ಇನ್ನೊಂದು, ಯಾವ ಜಾಗದ ಕೊಬ್ಬು ಹೋಗಬೇಕು ಅಂತ ನಾವು ಆರಿಸೋಕಾಗಲ್ಲ. ದಿನಕ್ಕೆ ನೂರು ಸಿಟ್‌ಅಪ್ ಹೊಡೆದರೂ ಹೊಟ್ಟೆಯ ಕೊಬ್ಬೇ ಕರಗುತ್ತೆ ಅಂತೇನಿಲ್ಲ. ಬೆವರು ಬರಿಸುವ ಬೆಲ್ಟ್ ನಾನೂ ಕಟ್ಟಿದ್ದೆ. ನೀರು ಹೋಯ್ತು, ನೀರು ಕುಡಿದೆ, ಬಂತು. ಸಮಾಧಾನದ ವಿಷಯ ಏನಂದ್ರೆ, ಹೆಂಗಸರಲ್ಲಿ ಸಾಮಾನ್ಯವಾಗಿ ತೊಡೆ, ಸೀಟ್‌ನ ಕೊಬ್ಬು ಹಠಮಾರಿ, ಹೊಟ್ಟೆಯ ಒಳಗಿನ ಕೊಬ್ಬು ಅದಕ್ಕಿಂತ ಬೇಗ ಕರಗುತ್ತೆ. ಹಾಗಂತ ಸೀಟ್‌ನಲ್ಲಿ ಒಂದಿಂಚೂ ಹೋಗಲ್ಲ ಅಂತ ನಾನು ಹೇಳಲ್ಲ.

ಎರಡನೇ ಸಲ ಊಟ ಬಿಡಲಿಲ್ಲ. ದಿನಕ್ಕೆ ಸುಮಾರು 300–400 ಕ್ಯಾಲೊರಿ ಮಾತ್ರ ಕಡಿಮೆ ಮಾಡಿದೆ, ಅದೂ ಬಹುತೇಕ ಎಣ್ಣೆಯಲ್ಲೇ. ಒಂದು ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲೊರಿ ಹತ್ತಿರ ಬರುತ್ತೆ. ನಮ್ಮೂರಲ್ಲಿ ಸಂಜೆ ಆದರೆ ಮಂಡಕ್ಕಿ ಮಿರ್ಚಿ ಇಲ್ಲದೆ ಆಗಲ್ಲ, ಅಲ್ವಾ? ಮಂಡಕ್ಕಿ ಪಾಪ ಹಗುರ, ಪಕ್ಕದಲ್ಲಿ ಕೂತಿರುವ ಮಿರ್ಚಿಯದೇ ಎಲ್ಲಾ ಕಿತಾಪತಿ. ಮಂಡಕ್ಕಿ ಇಟ್ಟುಕೊಂಡೆ, ಮಿರ್ಚಿ ವಾರಕ್ಕೊಂದಕ್ಕೆ ಇಳಿಸಿದೆ. ಬೆಣ್ಣೆ ದೋಸೆ ತಿಂಗಳಿಗೆರಡು ಸಲ. ಅದನ್ನೂ ಬಿಡಿ ಅಂದರೆ ನೀವು ಈ ಉತ್ತರ ಇಲ್ಲಿಗೇ ಮುಚ್ಚುತ್ತೀರಿ.

ಜಾಸ್ತಿ ಮಾಡಿದ್ದು ಪ್ರೋಟೀನ್. ಸ್ನಾಯು ಉಳಿಸಿಕೊಳ್ಳಲು ತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅಂತ ಲೆಕ್ಕ ಹೇಳುತ್ತಾರೆ. ನಮ್ಮ ಮನೆಯೊಳಗೆ ಮೊಟ್ಟೆ ಬರಲ್ಲ, ಹಾಗಾಗಿ ಅಷ್ಟು ಮುಟ್ಟಲಿಲ್ಲ, ದಿನಕ್ಕೆ 85 ಗ್ರಾಂ ಸುತ್ತಮುತ್ತ ಬರುತ್ತಿತ್ತು: 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26 ಗ್ರಾಂ, ನೂರು ಗ್ರಾಂ ಪನೀರ್‌ನಲ್ಲಿ 18, ಒಂದು ಹಿಡಿ ಮೊಳಕೆ ಹೆಸರುಕಾಳು, ಎರಡು ಬಟ್ಟಲು ಮೊಸರು, ಬೇಳೆ, ಮೂರು ಜೋಳದ ರೊಟ್ಟಿ. ಶೇಂಗಾದಲ್ಲಿ ಪ್ರೋಟೀನ್ ಇದೆ ಅಂತ ಮುಷ್ಟಿಗಟ್ಟಲೆ ತಿನ್ನಬೇಡಿ, ನೂರು ಗ್ರಾಂಗೆ 560 ಕ್ಯಾಲೊರಿ ದಾಟುತ್ತೆ. ಚಟ್ನಿಪುಡಿ ಎರಡು ಚಮಚ ಸಾಕು.

ಇನ್ನು ವ್ಯಾಯಾಮ. ಇದೇ ಮುಖ್ಯ. ಮೊದಲ ಎರಡು ತಿಂಗಳು ಜಿಮ್‌ಗೆ ಹೋಗೋಕೆ ನಾಚಿಕೆ, ಮನೆಯಲ್ಲೇ ಮಾಡಿದೆ. ದಿವಾನ್‌ನ ಅಂಚಿಗೆ ಬೆನ್ನಿನ ಮೇಲ್ಭಾಗ ಒರಗಿಸಿ, ಪಾದ ನೆಲಕ್ಕೆ ಊರಿ, ಕಿಬ್ಬೊಟ್ಟೆಯ ಕೆಳಭಾಗದ ಮೇಲೆ ಹತ್ತು ಕೆಜಿ ಜೋಳದ ಹಿಟ್ಟಿನ ಚೀಲ ಇಟ್ಟುಕೊಂಡು ಸೀಟ್ ಮೇಲೆತ್ತುವುದು, ಮೇಲೆ ಒಂದು ಕ್ಷಣ ಬಿಗಿ ಹಿಡಿದು ಇಳಿಸುವುದು. ಇದಕ್ಕೆ ಹಿಪ್ ಥ್ರಸ್ಟ್ ಅಂತಾರೆ. ಒಂದು ದಿನ ಅತ್ತೆ ಒಳಗೆ ಬಂದವರು ಬಾಗಿಲಲ್ಲೇ ನಿಂತು, “ಏನವ್ವಾ, ರೊಟ್ಟಿ ಹಿಟ್ಟು ಹೊಟ್ಟೆ ಮ್ಯಾಲೆ ಇಟ್ಕಂಡು ಏನ್ ಮಾಡ್ತಿದೀಯ?” ಅಂದರು. ಆ ಚೀಲದ ಹಿಟ್ಟಲ್ಲಿ ರೊಟ್ಟಿ ತಟ್ಟಲು ಒಪ್ಪಲೇ ಇಲ್ಲ, ಬೇರೆ ತರಿಸಿದರು.

ಆಮೇಲೆ ಜಿಮ್‌ನ ಲೇಡೀಸ್ ಬ್ಯಾಚ್ ಸೇರಿದೆ, ವಾರಕ್ಕೆ ಮೂರು ದಿನ. ಸ್ಕ್ವಾಟ್ ಅಂದರೆ ಭಾರ ಹೊತ್ತು ಬಸ್ಕಿ, ಹಿಪ್ ಥ್ರಸ್ಟ್, ಮಂಡಿ ಸ್ವಲ್ಪವೇ ಬಗ್ಗಿಸಿ ಸೊಂಟದಿಂದ ಬಾಗಿ ಭಾರ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಏಳುವ ಲಂಜ್. ಒಂದೊಂದು ಮೂರು ಸೆಟ್, ಸೆಟ್‌ಗೆ 8ರಿಂದ 12 ಸಲ, ಕೊನೆಯ ಎರಡು ಎತ್ತುವಾಗ ಮುಖ ಕಿವುಚಬೇಕು, ಅಷ್ಟು ಭಾರ. ಸುಲಭ ಆಯ್ತಾ, ಭಾರ ಏರಿಸಿ. ಗುಲಾಬಿ ಬಣ್ಣದ ಎರಡು ಕೆಜಿ ಡಂಬಲ್ ಹಿಡಿದು ಐವತ್ತು ಸಲ ಕುಣಿದರೆ ಸೀಟ್‌ಗೆ ಸುದ್ದಿಯೇ ಮುಟ್ಟಲ್ಲ. ನಾನು ಹಿಪ್ ಥ್ರಸ್ಟ್ ಅನ್ನು ಬರೀ 20 ಕೆಜಿ ರಾಡ್‌ನಿಂದ ಶುರು ಮಾಡಿ 60ಕ್ಕೆ ತಂದೆ, ಗಂಡಸಿನ ಹಾಗೇನೂ ಆಗಲಿಲ್ಲ. ಕೆರೆ ನಡಿಗೆ ಬಿಡಲಿಲ್ಲ, ಆದರೆ ಅರ್ಧ ಗಂಟೆಗೆ ನಿಲ್ಲಿಸಿದೆ. ತಿಂಗಳಿಗೊಮ್ಮೆ ದುರ್ಗದ ಗೆಳತಿ ಜೊತೆ ಕೋಟೆ ಹತ್ತುತ್ತೇವೆ. ಆ ಕಲ್ಲು ಮೆಟ್ಟಿಲು ಹತ್ತಿದ ಮರುದಿನ ಮಷಿನ್ ಸ್ಟೂಲ್ ಮೇಲೆ ಕೂರುವಾಗ ದೇವರು ನೆನಪಾಗುತ್ತಾನೆ.

ಒಂಬತ್ತು ತಿಂಗಳಾದಮೇಲೆ ತೂಕ 62, ಸೊಂಟ 32, ಸೀಟ್ 39.5. ಮೊದಲ ಸಲಕ್ಕಿಂತ ಮೂರು ಕೆಜಿ ಜಾಸ್ತಿ ಇದ್ದೇನೆ, ಆದರೆ ಸೊಂಟ ಎರಡಿಂಚು ಸಣ್ಣ. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂ.ಮೀ. ಒಳಗಿದ್ದರೆ ಒಳ್ಳೇದು ಅಂತಾರೆ, ಅಂದರೆ 31.5 ಇಂಚು, ನನಗಿನ್ನೂ ಅರ್ಧ ಇಂಚು ಬಾಕಿ.

ಮುಟ್ಟು ಏರುಪೇರಾಗಿ ಹೊಟ್ಟೆ ದಿಢೀರ್ ಬಂದಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ, ಥೈರಾಯ್ಡ್, ಪಿಸಿಓಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ) ಪರೀಕ್ಷೆ ಆಗಲಿ. ಹೆರಿಗೆಯಾಗಿದ್ದರೆ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿದೆಯಾ ಅಂತಲೂ ಕೇಳಿ.

ಮತ್ತೆ, ತೂಕದ ಮಷಿನ್ ಮೇಲೆ ದಿನಾ ಹತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಚಹಾಕ್ಕೆ ಮುಂಚೆ ಟೇಪ್ ಹಿಡಿಯಿರಿ, ಸೊಂಟ, ಸೀಟ್ ಎರಡೂ ಬರೆದಿಡಿ. ಉಸಿರು ಬಿಟ್ಟು ಅಳೆಯಿರಿ. ನನ್ನ ಅಂಗಡಿಗೆ ಬರುವವರು ಟೇಪ್ ಸುತ್ತಿದ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ಆಮೇಲೆ ಚೂಡಿದಾರ್ ಬಿಗಿ ಆಯ್ತು ಅಂತ ನನ್ನನ್ನೇ ಬಯ್ಯುತ್ತಾರೆ.